ಹೂರಣವುಳ್ಳ ಪುಸ್ತಕಗಳು

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹೆದ್ದಾರಿಯಲ್ಲಿ ಕೆರೆಯೂ ಗುಡ್ಡವೂ ಒಟ್ಟಿಗೆ ಕಣ್ಣಿಗೆ ಬಿದ್ದರೆ ಬಾತಿ ಬಂದಿತೆಂದು ತಿಳಿಯಬೇಕು. ಅಲ್ಲಿಯ ಒಂದು ಮನೆಯಲ್ಲಿ, ಬೇಸಗೆಯ ರಜೆಯ ಒಂದು ಮಧ್ಯಾಹ್ನ, ಎಂಟು ವರ್ಷದ ಹುಡುಗಿಯೊಬ್ಬಳು ಇಂಗ್ಲಿಷ್ ಚಿತ್ರಪುಸ್ತಕವೊಂದನ್ನು ಎದೆಗವಚಿಕೊಂಡು ಅಡುಗೆಮನೆಗೆ ಬಂದಳು. ಮರುದಿನದ ಹಬ್ಬಕ್ಕೆಂದು ಅಜ್ಜಿ ಬೇಳೆ ಆರಿಸುತ್ತಿದ್ದರು.

"ಅಜ್ಜಿ, ಪೈ ಅಂದ್ರೆ ಏನು?"

"ಪೈ ಅಂದ್ರೆ ರೊಕ್ಕ ಕಣವ್ವ. ಹನ್ನೆರಡು ಪೈ ಸೇರಿದ್ರೆ ಒಂದಾಣೆ."

"ರೊಕ್ಕಾನ ಯಾರಾದ್ರೂ ಬೇಯಿಸ್ತಾರಾ?"

ಮನೆಮಂದಿಯೆಲ್ಲ ನಕ್ಕರು. ಅಜ್ಜಿಯ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. 1957ರಲ್ಲಿ ನಯೇ ಪೈಸೆ ಬರುವವರೆಗೂ ದೇಶದ ಲೆಕ್ಕವೇ ಹಾಗಿತ್ತು. ಆದರೆ ಹುಡುಗಿ ನಗಲಿಲ್ಲ. ಪುಸ್ತಕವನ್ನು ಮುಚ್ಚಿ ಅಕ್ಕಿಯ ಡಬ್ಬಿಯ ಮೇಲಿಟ್ಟು ಹೊರಗೆ ಹೋದಳು.

ಮಕ್ಕಳು ಪುಸ್ತಕವನ್ನು ಕೈಬಿಡುವುದು ಬಹುಮಟ್ಟಿಗೆ ಇಂತಹ ಗಳಿಗೆಯಲ್ಲಿಯೇ. ಅರ್ಥವಾಗದ ಒಂದು ಪದವನ್ನು ಯಾವ ಮಗುವಾದರೂ ದಾಟಿಕೊಂಡು ಹೋದೀತು. ಆ ಪದವಿರುವ ಮನೆಗೆ ತನಗೆ ಪ್ರವೇಶವೇ ಇಲ್ಲವೆಂದು ತೋರಿದರೆ ಮಾತ್ರ ಅದು ಹಿಂದಿರುಗಿಬಿಡುತ್ತದೆ. ಆದುದರಿಂದ ತಿಂಡಿತೀರ್ಥದ ಕಥೆಗಳನ್ನು ಮಕ್ಕಳ ಕೈಗೆ ಕೊಡುವ ತಂದೆತಾಯಿಯರು ಮೊದಲು ಅಡುಗೆಮನೆಯ ಬಾಗಿಲನ್ನು ತೆರೆದಿಡಬೇಕು.

ಅಂದು ಆ ಬಾಗಿಲನ್ನು ತೆರೆದವಳು ತಾಯಿ. ಮರುದಿನ ಹೋಳಿಗೆ ಮಾಡುವಾಗ ಮಗಳನ್ನು ಕರೆದು, ಕಣಕದ ಉಂಡೆಯೊಳಗೆ ಹೂರಣವನ್ನಿಟ್ಟು ಮುಚ್ಚುವುದನ್ನು ತೋರಿಸಿದಳು. "ಇದನ್ನೇ ತಟ್ಟದೆ, ಅಂಚಿರುವ ತಟ್ಟೆಯಲ್ಲಿ ಕಣಕ ಹಾಸಿ, ಹಣ್ಣಿನ ಹೂರಣ ತುಂಬಿ, ಮೇಲೊಂದು ಕಣಕದ ಮುಚ್ಚಳ ಹಾಕಿ, ಸುತ್ತಲೂ ಶಾಖ ಕೊಟ್ಟು ಬೇಯಿಸಿದರೆ ಅದೇ ಪೈ" ಎಂದಳು. ಪುಸ್ತಕ ಡಬ್ಬಿಯ ಮೇಲಿಂದ ಕೆಳಗಿಳಿಯಿತು.

ಸುತ್ತಲೂ ಶಾಖ ಕೊಡುವ ಈ ವಿದ್ಯೆ ಕನ್ನಡನಾಡಿಗೆ ಬೇಕರಿಗಳೊಡನೆ ಬಂದ ಹೊಸತೇನೂ ಅಲ್ಲ. 16ನೆಯ ಶತಮಾನದ ಆದಿಭಾಗದ ಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಪಾಕಗ್ರಂಥವನ್ನು ಪದ್ಯದಲ್ಲಿಯೇ ಬರೆದಿದ್ದಾನೆ. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವ ಮುಚ್ಚಳರೊಟ್ಟಿ ಅದರಲ್ಲಿದೆ. ಅಡುಗೆಯನ್ನು ಕಾವ್ಯಕ್ಕೆ ತಕ್ಕ ವಸ್ತುವೆಂದು ಬಗೆದ ನಾಡಿನಲ್ಲಿ ಅದು ಮಕ್ಕಳ ಕಥೆಗೂ ತಕ್ಕ ವಸ್ತುವೇ ಸರಿ.

ಇನ್ನು ಪುಸ್ತಕಗಳ ಮಾತು. ಓದಿ ಹೇಳಿಸಿಕೊಳ್ಳುವ ವಯಸ್ಸಿನ ಮಕ್ಕಳಿಗೆ ಕೆಂಪು ಕೋಳಿಯ ಕಥೆಗಿಂತ ಒಳ್ಳೆಯ ಆರಂಭವಿಲ್ಲ. ಅಮೆರಿಕದ 'ಸೇಂಟ್ ನಿಕೊಲಸ್' ಎಂಬ ಮಕ್ಕಳ ಪತ್ರಿಕೆಯಲ್ಲಿ 1874ರಲ್ಲಿ ಅಚ್ಚಾದ ಈ ಜನಪದ ಕಥೆಯಲ್ಲಿ, ಗೋಧಿಯನ್ನು ಬಿತ್ತುವುದಕ್ಕೂ ಕೊಯ್ಯುವುದಕ್ಕೂ ಬೀಸುವುದಕ್ಕೂ ಯಾರೊಬ್ಬರೂ ಬರುವುದಿಲ್ಲ. ರೊಟ್ಟಿಯ ವಾಸನೆ ಬಂದೊಡನೆ ಎಲ್ಲರೂ ಹಾಜರು. ಬಾತಿಯ ಮಗುವಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ.

ಏಳೆಂಟು ವರ್ಷದವರಿಗೆ ಮಾರ್ಜರಿ ಪ್ರೈಸ್‌ಮನ್ ಎಂಬಾಕೆ 1994ರಲ್ಲಿ ಪ್ರಕಟಿಸಿದ ಚಿತ್ರಪುಸ್ತಕವೊಂದಿದೆ: 'ಹೌ ಟು ಮೇಕ್ ಆ್ಯನ್ ಆಪಲ್ ಪೈ ಅಂಡ್ ಸೀ ದ ವರ್ಲ್ಡ್'. ಹುಡುಗಿ ಪೈ ಮಾಡಲು ಹೊರಡುತ್ತಾಳೆ, ಅಂಗಡಿ ಮುಚ್ಚಿದೆ. ಸರಿ, ಗೋಧಿಗಾಗಿ ಇಟಲಿಗೆ, ಮೊಟ್ಟೆಗಾಗಿ ಫ್ರಾನ್ಸಿಗೆ, ದಾಲ್ಚಿನ್ನಿಗಾಗಿ ಶ್ರೀಲಂಕೆಗೆ, ಹಾಲಿಗಾಗಿ ಇಂಗ್ಲೆಂಡಿಗೆ, ಸಕ್ಕರೆಗಾಗಿ ಜಮೈಕಕ್ಕೆ, ಕೊನೆಗೆ ಸೇಬಿಗಾಗಿ ಅಮೆರಿಕದ ವರ್ಮಾಂಟಿಗೆ ಹೋಗಿಬರುತ್ತಾಳೆ. ಭೂಗೋಳದ ಪಾಠವನ್ನು ಇಷ್ಟು ರುಚಿಯಾಗಿ ಬಡಿಸಿದ ಪುಸ್ತಕಗಳು ವಿರಳ. ಓದಿ ಮುಗಿಸಿದ ಮೇಲೆ ಭೂಪಟವನ್ನು ಹರಡಿ, ಹೋಳಿಗೆಯ ಬೇಳೆ, ಬೆಲ್ಲ, ಏಲಕ್ಕಿಗಳು ಯಾವ ಯಾವ ಊರಿನಿಂದ ಬಂದುವೆಂದು ಮಕ್ಕಳಿಂದಲೇ ಹುಡುಕಿಸಬಹುದು. ಅಂಗಡಿಯವರನ್ನು ಕೇಳಿಕೊಂಡು ಬರುವ ನೆಪದಲ್ಲಿ ಅರ್ಧ ರಜೆ ಕಳೆದೀತು.

ಗುಡುಗಿಗೆ ಬೆದರುವ ಮಕ್ಕಳಿಗೆ ಪೆಟ್ರೀಶಿಯ ಪೊಲಾಕೊ ಅವರ 'ಥಂಡರ್ ಕೇಕ್' (1990) ಒಳ್ಳೆಯ ಮದ್ದು. ಮೋಡ ಕವಿದಾಗ ಮಂಚದ ಕೆಳಗೆ ಅಡಗಿದ ಮೊಮ್ಮಗಳನ್ನು ಅಜ್ಜಿಯೊಬ್ಬಳು ಹೊರಗೆ ಕರೆದು, ಮಳೆ ಬರುವುದರೊಳಗೆ ಕೇಕು ಮಾಡೋಣವೆಂದು ಮೊಟ್ಟೆ ಹಾಲುಗಳನ್ನು ತರಿಸುತ್ತಾಳೆ. ಕೆಲಸದ ಸಂಭ್ರಮದಲ್ಲಿ ಭಯ ಎಲ್ಲಿಯೋ ಕರಗಿಹೋಗುತ್ತದೆ. ಜಗಳಗಂಟರಿಗೆ ಡೆರೆಕ್ ಮನ್ಸನ್ ಅವರ 'ಎನಿಮಿ ಪೈ' (2000) ತಕ್ಕುದು. ಶತ್ರುವನ್ನು ಇಲ್ಲವಾಗಿಸುವ ಪೈಯನ್ನು ತಂದೆ ಮಾಡಿಕೊಡುತ್ತಾನೆ. ಆದರೆ ಅದು ಫಲಿಸಬೇಕಾದರೆ ಒಂದು ದಿನವೆಲ್ಲ ಆ ಶತ್ರುವಿನೊಡನೆ ಆಡಬೇಕೆಂಬ ನಿಯಮವಿದೆ. ಸಂಜೆಯ ಹೊತ್ತಿಗೆ ಶತ್ರು ಏನಾದನೆಂಬುದನ್ನು ಮಕ್ಕಳೇ ಓದಿ ತಿಳಿಯಲಿ.

ಹತ್ತು ಹನ್ನೆರಡರ ವಯಸ್ಸಿಗೆ ಸಾರಾ ವೀಕ್ಸ್ ಅವರ 'ಪೈ' (2011) ಎಂಬ ಕಾದಂಬರಿಯುಂಟು. ಊರಿಗೆಲ್ಲ ಪೈ ಹಂಚುತ್ತಿದ್ದ ಪಾಲಿ ಎಂಬಾಕೆ ಸಾಯುವಾಗ ತನ್ನ ಕಣಕದ ಗುಟ್ಟನ್ನು ಬೆಕ್ಕಿನ ಹೆಸರಿಗೆ ಬರೆದು, ಬೆಕ್ಕನ್ನು ಸೋದರ ಸಂಬಂಧದ ಹುಡುಗಿಗೆ ಒಪ್ಪಿಸಿರುತ್ತಾಳೆ. ನಗೆಯ ಕಥೆಯಾದರೂ ಒಳಗೆ ಪ್ರೀತಿಯ ಮನುಷ್ಯರನ್ನು ಕಳೆದುಕೊಂಡ ದುಃಖವಿದೆ. ಪ್ರೌಢಶಾಲೆಯನ್ನು ದಾಟುತ್ತಿರುವವರಿಗೆ ಎಲಿಜಬೆತ್ ಅಸೆವೆಡೊ ಅವರ 'ವಿತ್ ದ ಫೈರ್ ಆನ್ ಹೈ' (2019). ಎಳೆಯ ವಯಸ್ಸಿನಲ್ಲಿಯೇ ತಾಯಿಯಾದ ಹುಡುಗಿ ಅಡುಗೆಯ ಕೈಗುಣದಿಂದ ಬದುಕನ್ನು ಕಟ್ಟಿಕೊಳ್ಳುವ ಕಥೆಯಿದು. ಹಿರಿಯರು ತಾವು ಮೊದಲು ಓದಿ, ಅನಂತರ ಮಕ್ಕಳೊಡನೆ ಕುಳಿತು ಮಾತನಾಡುವುದು ಲೇಸು.

ಕನ್ನಡದಲ್ಲಿ ಏನಿದೆಯೆಂದು ಯಾರಾದರೂ ಕೇಳಿಯಾರು. ಪಂಜೆ ಮಂಗೇಶರಾಯರ (1874–1937) 'ಮೆಣಸಿನ ಕಾಳಪ್ಪ'ನಿಗೆ ಹೆಸರು ದೊರೆತುದೇ ಅಡುಗೆಮನೆಯ ಡಬ್ಬಿಯಿಂದ. ಜಪಾನಿನ 'ತೊತ್ತೊ-ಚಾನ್' ಕನ್ನಡಕ್ಕೂ ಬಂದಿದ್ದಾಳೆ. ಅವಳ ಶಾಲೆಯಲ್ಲಿ ಬುತ್ತಿಯೊಳಗೆ ಕಡಲಿನದೊಂದು, ಬೆಟ್ಟದ್ದೊಂದು ಇರಲೇಬೇಕೆಂಬ ಕಟ್ಟಳೆ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಬೆಲೆಯಿಲ್ಲದೆ ಓದಬಹುದು.

ಬಾತಿಯ ಹುಡುಗಿ ಪೈ ಪುಸ್ತಕವನ್ನು ಮೂರು ಬಾರಿ ಓದಿ ಮುಗಿಸಿ, ಒಂದು ಸಂಜೆ ಅಜ್ಜಿಯನ್ನು ಕೇಳಿದಳು: "ನಮ್ಮ ಮಂಡಕ್ಕಿ ಬಗ್ಗೆ ಪುಸ್ತಕ ಇಲ್ವಾ ಅಜ್ಜಿ?"

ದಾವಣಗೆರೆಯ ಸೀಮೆಯಲ್ಲಿ ಇದು ನ್ಯಾಯವಾದ ಪ್ರಶ್ನೆ. ಬೆಣ್ಣೆದೋಸೆಯಷ್ಟೇ ಖ್ಯಾತಿ ಅಲ್ಲಿಯ ಮಂಡಕ್ಕಿಗೂ ಉಂಟು; ಭಟ್ಟಿಗಳ ಹೆಸರಿನಲ್ಲಿ ಬಡಾವಣೆಯೇ ಇದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಹೇಳತೊಡಗಿದರು. ಬತ್ತವನ್ನು ನೆನೆಹಾಕಿ, ಬಿಸಿಮಾಡಿ, ಒಣಗಿಸಿ, ಸಿಪ್ಪೆ ತೆಗೆಸಬೇಕು. ಆ ಅಕ್ಕಿಗೆ ಉಪ್ಪುನೀರು ಬೆರೆಸಿ ಹದಮಾಡಿ, ಕಾದ ಮರಳಿಗೆ ಹಾಕಿದರೆ, ಕಾಳಿನೊಳಗಿನ ತೇವ ಆವಿಯಾಗಿ ಒಮ್ಮೆಲೇ ಅರಳುತ್ತದೆ. ಒಡನೆಯೇ ಜರಡಿ ಹಿಡಿದು ಮರಳನ್ನು ಬೇರೆ ಮಾಡಬೇಕು.

"ನಿಂಗೆ ಹೆಂಗೆ ಗೊತ್ತು ಅಜ್ಜಿ?"

"ನಿನ್ನಷ್ಟಿದ್ದಾಗ ನಮ್ಮವ್ವನ ಜೊತೆ ಭಟ್ಟಿಗೆ ಹೋಗ್ತಿದ್ದೆ. ಜರಡಿ ಹಿಡಿಯೋದು ನನ್ನ ಕೆಲಸ."

"ಮತ್ತೆ ಶಾಲೆ?"

ಅಜ್ಜಿ ಉತ್ತರ ಕೊಡಲಿಲ್ಲ. ಅಂಗೈಯನ್ನು ಮಾತ್ರ ಒಮ್ಮೆ ನೋಡಿಕೊಂಡರು. ಮಗನಿಗೂ ಸೊಸೆಗೂ ಈ ಸಂಗತಿ ಅಂದೇ ತಿಳಿದುದು. 1986ರಷ್ಟು ಹಿಂದೆಯೇ ಬಾಲಕಾರ್ಮಿಕರ ಕಾಯಿದೆ ಬಂದಿತು. 2016ರಲ್ಲಿ ಅದು ಇನ್ನಷ್ಟು ಬಿಗಿಯಾಯಿತು. ಆ ಹೊತ್ತಿಗೆ ಅಜ್ಜಿಯ ಬಾಲ್ಯ ಎಂದೋ ಕಳೆದುಹೋಗಿತ್ತು.

ಹುಡುಗಿ ಹಳೆಯ ನೋಟುಪುಸ್ತಕದ ಖಾಲಿ ಹಾಳೆಗಳನ್ನು ಹರಿದು, ಸೂಜಿದಾರದಿಂದ ಹೊಲಿಸಿಕೊಂಡು, ಎರಡು ದಿನ ಕುಳಿತು ಪುಸ್ತಕವೊಂದನ್ನು ತಯಾರಿಸಿದಳು. ಹನ್ನೆರಡು ಪುಟ; ಪುಟಕ್ಕೊಂದು ಚಿತ್ರ. ಭಟ್ಟಿಯ ಮುಂದೆ ಲಂಗ ತೊಟ್ಟ ಪುಟ್ಟ ಹುಡುಗಿ, ಕೈಯಲ್ಲಿ ಜರಡಿ. ಕೊನೆಯ ಪುಟದಲ್ಲಿ ಅದೇ ಹುಡುಗಿ ಹೆಗಲಿಗೆ ಚೀಲ ಹಾಕಿಕೊಂಡು ಶಾಲೆಯ ಬಾಗಿಲಲ್ಲಿ ನಿಂತಿದ್ದಳು.

ಅಕ್ಷರ ಬಾರದ ಅಜ್ಜಿ ಒಂದೊಂದು ಚಿತ್ರದ ಮೇಲೂ ಬೆರಳಿಟ್ಟು ನೋಡಿದರು. ಕೊನೆಯ ಪುಟದಲ್ಲಿ ಬಹಳ ಹೊತ್ತು ಬೆರಳು ನಿಂತಿತು. ಆಮೇಲೆ ಪುಟಗಳನ್ನು ಹಿಂದಕ್ಕೆ ತಿರುವಿ ಹೇಳಿದರು:

"ಇಲ್ಲಿ ತಪ್ಪಾಗೈತಿ ನೋಡವ್ವ. ಮರಳು ಮೊದ್ಲು ಕಾಯ್ಬೇಕು, ಅಕ್ಕಿ ಆಮೇಲೆ."

ಹುಡುಗಿ ರಬ್ಬರು ತರಲು ಒಳಗೆ ಓಡಿದಳು.