ಗಡುವಲ್ಲ, ಹದ

ವೈಟ್‌ಫೀಲ್ಡ್ ಕಡೆ ಇರೋರಿಗೆ ಕಾಯೋದನ್ನ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಟಿನ್ ಫ್ಯಾಕ್ಟರಿ ಹತ್ತಿರ ಕಾದಿದ್ದೇವೆ, ಮಾರತ್ತಹಳ್ಳಿ ಬ್ರಿಡ್ಜ್ ಕೆಳಗೆ ಕಾದಿದ್ದೇವೆ, ಮೆಟ್ರೋಗಾಗಿ ವರ್ಷಗಟ್ಟಲೆ ಕಾದಿದ್ದೇವೆ. 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿನಿಂದ ಕೆ.ಆರ್. ಪುರದವರೆಗೆ ರೈಲು ಓಡಿತು. ಅಲ್ಲಿಂದ ಬೈಯಪ್ಪನಹಳ್ಳಿಗೆ ಇರೋ ಸುಮಾರು 2 ಕಿಲೋಮೀಟರ್ ತುಂಡು ಸೇರೋಕೆ ಅಕ್ಟೋಬರ್ ಬರಬೇಕಾಯಿತು. ಆದರೂ ನಮ್ಮ ಕಾಯುವಿಕೆಗೆಲ್ಲ ಪಕ್ಕದಲ್ಲೊಂದು ಅಂಕಿ ಇರುತ್ತೆ. ಕ್ಯಾಬ್ 4 ನಿಮಿಷ, ಊಟ 22 ನಿಮಿಷ, ಬಗ್ ಫಿಕ್ಸ್ ಶುಕ್ರವಾರ ಸಂಜೆ. ಅಂಕಿ ಸುಳ್ಳಾದರೂ ಪರವಾಗಿಲ್ಲ, ಇದ್ದರೆ ಸಾಕು. ದಿನಕ್ಕೆ ಹತ್ತು ಸಲ 'ಇಟಿಎ ಎಷ್ಟು?' ಅಂತ ಕೇಳೋ ಬಾಯಿ ಪ್ರಾರ್ಥನೆಯಲ್ಲೂ ಅದನ್ನೇ ಕೇಳುತ್ತೆ. ಕರ್ತನೇ, ಕೆಲಸ ಯಾವಾಗ? ಮದುವೆ ಯಾವಾಗ? ಆ ಕಡೆಯಿಂದ ಮಾತ್ರ ಅಂಕಿ ಬರಲ್ಲ.

ನಾನೂ ನನ್ನ ಹೆಂಡತಿಯೂ ಮಗುವಿಗಾಗಿ ಏಳು ವರ್ಷದಿಂದ ಪ್ರಾರ್ಥನೆ ಮಾಡ್ತಿದ್ದೇವೆ. ಊರಿಗೆ ಹೋದರೆ ಅವಳನ್ನ 'ಏನಾದ್ರೂ ವಿಶೇಷ ಇದೆಯೇನಮ್ಮಾ?' ಅಂತ ಕೇಳ್ತಾರೆ. ಸಭೆಗೆ ಹೋದರೆ ನನಗೆ 'ದೇವರ ಸಮಯಕ್ಕೆ ಕಾಯಿರಿ ಬ್ರದರ್' ಅಂತ ಹೇಳ್ತಾರೆ. ಎರಡೂ ಪ್ರೀತಿಯ ಮಾತುಗಳೇ. ಆದರೆ ಎರಡನೆಯದು ಎಷ್ಟೋ ಸಲ ಮಾತು ಮುಗಿಸೋಕೆ ಆಡಿದ ಮಾತಿನ ಹಾಗೆ ಕೇಳಿಸುತ್ತೆ. ಆಫೀಸಿನಲ್ಲಿ ಉತ್ತರ ತೋಚದ ಟಿಕೆಟ್ಟನ್ನ 'ಪೆಂಡಿಂಗ್' ಅಂತ ಹಾಕಿಡ್ತೀವಲ್ಲ, ಹಾಗೆ.

ದೇವರ ಸಮಯ ಅಂದರೆ ಮೇಲೆ ಯಾವುದೋ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ನಮಗೆ ತೋರಿಸದೆ ಇಟ್ಟ ಗಡುವು ಅನ್ನೋದು ಕಂಪನಿ ಯೋಚನೆ. ಸತ್ಯವೇದದಲ್ಲಿ ಯಾಕೋಬ ತನ್ನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ತಾಳ್ಮೆಗೆ ಉದಾಹರಣೆ ಕೊಡೋದು ರೈತನದು, ಮುಂಗಾರು ಹಿಂಗಾರಿಗೆ ಕಾಯೋ ರೈತನದು. ರಾಗಿ ಹೊಲದ ಬದುವಿನ ಮೇಲೆ ಬೆಳೆದವರಿಗೆ ಅದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ಬಿತ್ತನೆಗೆ ತಾರೀಖು ಕೇಳಲ್ಲ, 'ಹದ ಬಂತಾ?' ಅಂತ ಕೇಳ್ತಾರೆ. ಮಳೆ ನಿಂತ ಕೂಡಲೇ ನೇಗಿಲು ಇಳಿಸಿದರೆ ಮಣ್ಣು ಮೆತ್ತಿಕೊಳ್ಳುತ್ತೆ. ತಡ ಮಾಡಿದರೆ ಹೆಂಟೆ ಏಳುತ್ತೆ. ಇವೆರಡರ ಮಧ್ಯೆ ಒಂದು ಹೊತ್ತು ಇರುತ್ತೆ. ಆಗ ಮಣ್ಣನ್ನ ಮುಷ್ಟಿಯಲ್ಲಿ ಹಿಡಿದರೆ ಉಂಡೆ ಆಗಬೇಕು, ಬೆರಳಲ್ಲಿ ತಟ್ಟಿದರೆ ಉದುರಬೇಕು. ಅದೇ ಹದ. ಮನೇಲಿ ಕೂತವನಿಗೆ ಅದು ಗೊತ್ತಾಗಲ್ಲ, ದಿನಾ ಹೊಲಕ್ಕೆ ಹೋಗೋನಿಗೆ ಗೊತ್ತಾಗುತ್ತೆ. ಮಳೆ ಅವನ ಕೈಯಲ್ಲಿಲ್ಲ. ಮಾಗಿ ಉಳುಮೆ, ಗೊಬ್ಬರ, ಬಿತ್ತನೆ ಬೀಜವನ್ನ ಹುಳುವಿನಿಂದ ಕಾಪಾಡೋದು, ಇಷ್ಟು ಅವನ ಕೈಯಲ್ಲಿದೆ.

ಯೋಸೇಫನ ಕಥೆಯನ್ನ ಹೀಗೆ ಓದಿ ನೋಡಿ. ಕನಸಿನ ಅರ್ಥ ಹೇಳಿಸಿಕೊಂಡ ಪಾನದಾಯಕ ಸೆರೆಮನೆಯಿಂದ ಹೊರಗೆ ಹೋಗಿ ಇವನನ್ನ ಮರೆತೇಬಿಟ್ಟ. ಪೂರ್ತಿ ಎರಡು ವರ್ಷ. ಯೋಸೇಫ ಆ ಸೆರೆಮನೆಯಲ್ಲೇ ಮೇಲ್ವಿಚಾರಣೆ ನೋಡ್ಕೊಂಡಿದ್ದ, ಅದಕ್ಕೂ ಮುಂಚೆ ಪೋಟೀಫರನ ಮನೆಯ ಕಾರುಬಾರು ನೋಡಿದ್ದ. ಫರೋಹ ಕನಸು ಹೇಳಿದಾಗ ಅವನ ಹತ್ತಿರ ಅರ್ಥ ಮಾತ್ರ ಅಲ್ಲ, ಬೆಳೆಯಲ್ಲಿ ಐದನೇ ಒಂದು ಪಾಲು ಕೂಡಿಡೋ ಯೋಜನೆಯೂ ಇತ್ತು. ಮಳೆ ಬಂದ ದಿನ ಮಣ್ಣು ತಯಾರಿತ್ತು.

ಆದರೆ ಒಂದು ಮಾತನ್ನ ರೈತ ಬಚ್ಚಿಡಲ್ಲ. ಮಳೆ ಕೈಕೊಡೋ ವರ್ಷಗಳೂ ಇರುತ್ತವೆ. ರಾಗಿಗೆ ಹೊತ್ತು ಮೀರಿದರೆ ಅದೇ ಹೊಲಕ್ಕೆ ಹುರುಳಿ ಚೆಲ್ಲುತ್ತಾರೆ. ಕೇಳಿದ್ದು ಬರಲಿಲ್ಲ, ಹೊಲ ಮಾತ್ರ ಬೀಳು ಬೀಳಲಿಲ್ಲ.

ಎಂ.ಜಿ. ರಸ್ತೆಯಲ್ಲಿ ಪ್ರತಿಮೆಯಾಗಿ ನಿಂತಿರೋ ಫರ್ಡಿನೆಂಡ್ ಕಿಟೆಲ್ ಅವರನ್ನ ನೆನೆದಾಗ ನನಗೆ ಈ ಹುರುಳಿ ಹೊಲ ನೆನಪಾಗುತ್ತೆ. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಅವರು 1853ರಲ್ಲಿ ಬಾಸೆಲ್ ಮಿಷನ್ ಕಡೆಯಿಂದ ಮಂಗಳೂರಿಗೆ ಬಂದರು. ಬಂದಿದ್ದು ಸುವಾರ್ತೆ ಸಾರೋಕೆ. ಆ ಕೆಲಸದಲ್ಲಿ ದೊಡ್ಡ ಫಸಲೇನೂ ಕಾಣಲಿಲ್ಲ, ಮಿಷನ್ನಿನ ಹಿರಿಯರ ಜೊತೆಗೂ ಅಷ್ಟಾಗಿ ಹೊಂದಿಕೆ ಆಗಲಿಲ್ಲ. ಆದರೆ ಕನ್ನಡ ಕಲಿಯೋದನ್ನ ಬಿಡಲಿಲ್ಲ. ಕ್ರಿಸ್ತನ ಕಥೆಯನ್ನ 'ಕಥಾಮಾಲೆ' ಅಂತ ನಮ್ಮ ಛಂದಸ್ಸಿನಲ್ಲೇ ಬರೆದರು. ನಾಗವರ್ಮನ ಛಂದೋಗ್ರಂಥ ಸಂಪಾದಿಸಿದರು. ಒಂದೊಂದೇ ಪದ ಕೂಡಿಹಾಕುತ್ತಾ ಹೋದರು. 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಬಂತು. ಬಂದಿಳಿದು 41 ವರ್ಷ ಆಗಿತ್ತು. ಇವತ್ತು ಅವರ ನಿಘಂಟನ್ನ ತೆಗೆಯೋರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಇಪ್ಪತ್ತೊಂದರ ಹುಡುಗ ಹಡಗಿನಿಂದ ಇಳಿದಾಗ ಬೇಡಿಕೊಂಡಿದ್ದು ಇದನ್ನಂತೂ ಆಗಿರಲಿಕ್ಕಿಲ್ಲ.

ಹುರುಳಿಯೂ ಬರದ ವರ್ಷಗಳಿವೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೇ ಅಧ್ಯಾಯ ನಂಬಿಕೆಯ ದೊಡ್ಡವರನ್ನೆಲ್ಲ ಎಣಿಸಿ, ಇವರು ವಾಗ್ದಾನದ ಫಲ ಕೈಗೆ ಸಿಗದೆಯೇ ತೀರಿಕೊಂಡರು ಅನ್ನುತ್ತೆ. ಅಬ್ರಹಾಮನನ್ನೇ ನೋಡಿ. 75ನೇ ವಯಸ್ಸಿನಲ್ಲಿ ಹೊರಟವನಿಗೆ ಮಗ ಹುಟ್ಟಿದ್ದು 100ನೇ ವಯಸ್ಸಿನಲ್ಲಿ. ಆ ಕಥೆಯನ್ನ ನಮಗೆ ಎಲ್ಲರೂ ಹೇಳ್ತಾರೆ. ಅವನಿಗೆ ಮಾತು ಕೊಟ್ಟಿದ್ದ ಅಷ್ಟು ದೊಡ್ಡ ನಾಡಿನಲ್ಲಿ ಕಡೆಗೆ ಅವನದಾಗಿದ್ದು ಸಾರಳನ್ನ ಮಣ್ಣು ಮಾಡೋಕೆ ದುಡ್ಡು ಕೊಟ್ಟು ಕೊಂಡ ಗವಿ ಇದ್ದ ಹೊಲ ಅಷ್ಟೇ ಅನ್ನೋದನ್ನ ಯಾರೂ ಹೇಳಲ್ಲ. ಒಂದು ಸಿಕ್ಕಿತು, ಇನ್ನೊಂದಕ್ಕೆ ಕಾಯ್ತಾನೇ ಹೋದ. ಅವನ ನಂಬಿಕೆ ಅರ್ಧ ಅಂತ ಸತ್ಯವೇದ ಎಲ್ಲೂ ಹೇಳಲ್ಲ.

ಹಾಗಾಗಿ ನನ್ನದೊಂದು ಬೇಡಿಕೆ ಇದೆ, ನಮ್ಮ ಸಭೆಗೂ ನಿಮ್ಮ ಸಭೆಗೂ. ಭಾನುವಾರ ಸಾಕ್ಷಿ ಹೇಳೋ ಹೊತ್ತಿನಲ್ಲಿ ಮೈಕು ಹೋಗೋದು ಸಿಕ್ಕಿದವರ ಕೈಗೆ. ವೀಸಾ ಸಿಕ್ತು, ಸೈಟು ಸಿಕ್ತು, ಮಗು ಆಯ್ತು, ಸ್ತೋತ್ರ. ಹೇಳಲಿ, ಚಪ್ಪಾಳೆ ಹೊಡೆಯೋಣ. ಆದರೆ ಅದೇ ಹಾಲಿನ ಕೊನೇ ಸಾಲಿನಲ್ಲಿ ಲೇಆಫ್ ಆಗಿ ವರ್ಷ ಕಳೆದ ಹುಡುಗ ಕೂತಿರ್ತಾನೆ. ಪೀಣ್ಯದಲ್ಲಿ ಟೆಂಪರರಿ ಅನ್ನಿಸಿಕೊಂಡೇ ಹತ್ತು ವರ್ಷ ಲೇಥ್ ಓಡಿಸಿದ ಅಣ್ಣ ಕೂತಿರ್ತಾರೆ. 'ಇನ್ನೂ ಸಿಕ್ಕಿಲ್ಲ, ಆದರೂ ಬಂದಿದ್ದೀನಿ' ಅನ್ನೋಕೆ ಅವರಿಗೂ ಒಂದು ಸರದಿ ಕೊಡಿ.

ನನ್ನ ಹೆಂಡತಿ ಸಂಡೇ ಸ್ಕೂಲಿನಲ್ಲಿ ಬೇರೆಯವರ ಮಕ್ಕಳಿಗೆ ಪಾಠ ಹೇಳ್ತಾಳೆ. ಕೆಲವು ಭಾನುವಾರ ನಗ್ತಾ ಮನೆಗೆ ಬರ್ತಾಳೆ, ಕೆಲವು ಭಾನುವಾರ ದಾರಿಯುದ್ದಕ್ಕೂ ಮಾತಾಡಲ್ಲ. ಮುಂದಿನ ವಾರ ಮತ್ತೆ ಕ್ರೇಯಾನ್ ಡಬ್ಬಿ ತಗೊಂಡು ಹೊರಡ್ತಾಳೆ. ಅವಳ ಕೈಗೆ ಇದುವರೆಗೆ ಯಾರೂ ಮೈಕು ಕೊಟ್ಟಿಲ್ಲ.