ಸ್ಪರ್ಶದ ತೂಕ

ಸೋಕುವುದು, ತಾಕುವುದು, ಒತ್ತುವುದು: ತರಗತಿಯಲ್ಲಿ ಇವು ಬರಿಯ ಪದಗಳು; ಹೃದಯದೊಳಗೆ ಇವುಗಳ ಅಂತರ ಪ್ರಾಣದ ವಿಚಾರ.

ಅಬ್ಬೆತುಮಕೂರಿನ ನಮ್ಮ ದೊಡ್ಡವ್ವನಿಗೆ ಹೃತ್ಕರ್ಣದ ಬಡಿತ ತಾಳ ತಪ್ಪಿತ್ತು. ತೊಡೆಸಂದಿಯ ರಕ್ತನಾಳದಿಂದ ಕ್ಯಾತಿಟರ್ ಎಂಬ ಸಣ್ಣ ನಳಿಗೆಯನ್ನು ಹೃದಯಕ್ಕೆ ಸೇರಿಸಿ, ತಂಟೆಯ ತಾಣವನ್ನು ಸುಡಬೇಕೆಂದರು ವೈದ್ಯರು. ಆಕೆ ಒಲ್ಲೆನೆಂದಳು. "ಒತ್ತಿದ್ದು ಜಾಸ್ತಿ ಆದ್ರ ತೂತು ಬೀಳಂಗಿಲ್ಲೇನು ತಮ್ಮಾ?" ಜೀವಮಾನವೆಲ್ಲ ಜೋಳದ ರೊಟ್ಟಿ ಬಡಿದ ಕೈಯ ಪ್ರಶ್ನೆ ಅದು!

ಭಯ ಸುಳ್ಳಲ್ಲ; ಅತಿಯಾಗಿ ಒತ್ತಿದರೆ ಹೃದಯದ ಗೋಡೆ ತೂತಾದೀತು. ಹಿಂದೆ ಎಕ್ಸ್‌ರೇ ಚಿತ್ರ, ವಿದ್ಯುತ್ ಸಂಕೇತ, ಕೈಯ ಅಂದಾಜುಗಳೇ ವೈದ್ಯರಿಗೆ ಗತಿ. ಈಗ ಒತ್ತಡವನ್ನು ಗ್ರಾಮಿನಲ್ಲಿ ಅಳೆಯುವ ಸಾಧನ ಕೆಲವು ನಳಿಗೆಗಳ ತುದಿಯಲ್ಲೇ ಉಂಟು.

ಆದರೆ ಹಗುರ ಕೈಯೂ ಕ್ಷೇಮವಲ್ಲ. ಸುಟ್ಟದ್ದು ಗೋಡೆಯ ಆಳಕ್ಕೆ ಇಳಿಯದಿದ್ದರೆ ವಿದ್ಯುತ್ತು ಮತ್ತೆ ಹಳೆಯ ದಾರಿ ಹಿಡಿಯುತ್ತದೆ. 2012ರಲ್ಲಿ ಪ್ರಕಟವಾದ ಟೊಕ್ಯಾಟಾ ಎಂಬ ಸಣ್ಣ ಅಧ್ಯಯನದಲ್ಲಿ, ಸರಾಸರಿ 10 ಗ್ರಾಮಿಗೂ ಕಡಮೆ ಒತ್ತಡ ಬಿದ್ದವರೆಲ್ಲರಿಗೂ ವರ್ಷದೊಳಗೆ ರೋಗ ಮರುಕಳಿಸಿತು. 20 ಗ್ರಾಮು ಮೀರಿದವರಲ್ಲಿ ನೂರಕ್ಕೆ 80 ಮಂದಿ ಪಾರಾದರು.

ಇದನ್ನು ಹೇಳಿದೆ. ದೊಡ್ಡವ್ವ ಕ್ಷಣ ಯೋಚಿಸಿ, "ರೊಟ್ಟಿನೂ ಹಂಗs, ಅಂಜಿ ಬಡಿದ್ರ ದಪ್ಪ ಉಳಿತದ" ಎಂದು ಹೊರಡಲು ಒಪ್ಪಿದಳು.

ಮೃದುತ್ವವೇ ಕರುಣೆಯೆಂದು ನಾವು ಬಗೆಯುತ್ತೇವೆ. ಸಾಲದ ಒತ್ತಡವೂ ಒಂದು ನಿರ್ದಯೆ.