ಗೋಡೆ ಬಿಟ್ಟುಕೊಡುವ ಕೆಲಸ

ಹೋಟೆಲು ಶುರು ಮಾಡುವವರಿಗೆ ಗಣಹೋಮವಿದೆ, ಮಾವಿನ ತೋರಣವಿದೆ, ಮೊದಲ ದಿನ ಬಂದವರಿಗೆಲ್ಲ ಕೇಸರಿಬಾತಿದೆ. ಮುಚ್ಚುವವರಿಗೆ ಇಂಥದ್ದೇನೂ ಇಲ್ಲ. ಒಂದು ಬೆಳಿಗ್ಗೆ ಶಟರ್ ಅರ್ಧ ಮಾತ್ರ ಮೇಲೇಳುತ್ತದೆ. ಒಳಗಿನಿಂದ ಸುತ್ತಿಗೆಯ ಸದ್ದು ಕೇಳುತ್ತದೆ. ದಿನಾ ಕಾಫಿಗೆ ಬರುತ್ತಿದ್ದವರು ಒಂದು ಗಳಿಗೆ ಬಗ್ಗಿ ನೋಡಿ, ಪಕ್ಕದ ಹೋಟೆಲಿಗೆ ಹೋಗುತ್ತಾರೆ.

ನನ್ನ ಸೋದರಮಾವ ಹಿರೀಸಾವೆಯಲ್ಲಿ ಒಂಬತ್ತು ವರ್ಷ ಬಾಡಿಗೆ ಕಟ್ಟಡದಲ್ಲಿ ಹೋಟೆಲು ನಡೆಸಿದರು. ಬೆಂಗಳೂರು–ಮಂಗಳೂರು ಹೆದ್ದಾರಿಯ ಊರು ಇದು. ಶ್ರವಣಬೆಳಗೊಳಕ್ಕೆ ಹೋಗುವವರಲ್ಲಿ ಬಹಳ ಮಂದಿ ಇಲ್ಲೇ ತಿರುಗಿಕೊಳ್ಳುತ್ತಾರೆ. 2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ದೋಸೆ ಹೆಂಚು ಆರಿದ್ದೇ ಇಲ್ಲವೆಂದು ಮಾವ ಇವತ್ತಿಗೂ ಹೇಳುತ್ತಾರೆ. ಆಮೇಲೆ ಮಂಡಿ ಸವೆಯಿತು. ಮಕ್ಕಳು ಬೆಂಗಳೂರು ಸೇರಿದರು. ಹೋಟೆಲು ಬಿಡುವುದೆಂದಾಯಿತು. ಆ ಎರಡು ವಾರ ನಾನು ಅವರ ಜೊತೆಗಿದ್ದೆ.

ಬಿಚ್ಚುವುದಕ್ಕೂ ಒಂದು ಕ್ರಮವಿದೆ. ಮೊದಲು ಗ್ಯಾಸು: 19 ಕೆಜಿಯ ಸಿಲಿಂಡರುಗಳನ್ನು ಹೊರಗೆ ಸಾಗಿಸಿ, ಪೈಪಿನಲ್ಲಿ ಉಳಿದದ್ದನ್ನು ಕಿಟಕಿ ಬಾಗಿಲು ತೆರೆದು ಹೊರಹೋಗಲು ಬಿಡಬೇಕು. ಕರೆಂಟಿನ ಸ್ವಿಚ್ ಮುಟ್ಟುವುದು ಅದಾದ ಮೇಲೆಯೇ. ಗ್ರೈಂಡರಿನ ತ್ರೀ ಫೇಸ್ ಲೈನು ಬಿಚ್ಚಲು ಎಲೆಕ್ಟ್ರಿಷಿಯನ್ನೇ ಬರಬೇಕು. ನಂತರ ನೀರು, ಸಿಂಕು. ಭಾರದ ಸಾಮಾನು ಕಡೆಗೆ. ಗ್ರೈಂಡರನ್ನು ನೆಲಕ್ಕೆ ಹಿಡಿದಿದ್ದ ನಾಲ್ಕು ಬೋಲ್ಟುಗಳು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ನೆಲದ ಮಟ್ಟಕ್ಕೆ ಕತ್ತರಿಸಿ ಮೇಲೆ ಸಿಮೆಂಟು ಮೆತ್ತಿದೆವು. ಎಕ್ಸಾಸ್ಟ್ ಫ್ಯಾನು ತೆಗೆದಾಗ ಗೋಡೆಯಲ್ಲಿ ಉಳಿದ ದುಂಡನೆಯ ತೂತಿನಿಂದ ಬಿಸಿಲು ಒಳಗೆ ಬಿತ್ತು. ಆ ಅಡಿಗೆಮನೆ ಎಷ್ಟು ಕಪ್ಪಗಿದೆಯೆಂದು ನನಗೆ ಕಂಡದ್ದು ಆಗಲೇ.

ಕರಾರುಪತ್ರದಲ್ಲಿ ಒಂದು ಸಾಲಿತ್ತು: ಕೊಟ್ಟ ಸ್ಥಿತಿಯಲ್ಲೇ ಬಿಟ್ಟುಕೊಡತಕ್ಕದ್ದು. ಪತ್ರ 11 ತಿಂಗಳದ್ದು. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಬೇಕೆಂದು 1908ರ ನೋಂದಣಿ ಕಾಯ್ದೆ ಹೇಳುವುದರಿಂದ ಬಾಡಿಗೆಯವರ ವರ್ಷಕ್ಕೆ ಹನ್ನೊಂದೇ ತಿಂಗಳು. ಅದೇ ಸಾಲನ್ನು ಮತ್ತೆ ಮತ್ತೆ ಟೈಪು ಮಾಡಿಸಿ ಒಂಬತ್ತು ವರ್ಷ ಕಳೆದಿತ್ತು. ಆದರೆ ಕೊಟ್ಟ ದಿನ ಗೋಡೆ ಹೇಗಿತ್ತು ಎಂಬುದಕ್ಕೆ ಒಂದು ಫೋಟೋ ಕೂಡ ಇರಲಿಲ್ಲ. ಮಾಲೀಕರ ನೆನಪಿನಲ್ಲಿ ಅದು ಹಾಲಿನಂತಿತ್ತು. ಮಾವನ ನೆನಪಿನಲ್ಲಿ ಆಗಲೇ ಎರಡು ಕಡೆ ಚಕ್ಕೆ ಎದ್ದಿತ್ತು.

ನಾನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ತೆಗೆದು ಮಾವನಿಗೆ ಓದಿ ಹೇಳಿದೆ. ಬಾಡಿಗೆದಾರ ತಾನು ಕೂರಿಸಿದ್ದನ್ನು ಸ್ವತ್ತು ತನ್ನ ವಶದಲ್ಲಿರುವಾಗಲೇ ತೆಗೆದುಕೊಂಡು ಹೋಗಬಹುದು, ಜಾಗ ಮಾತ್ರ ಮೊದಲಿನ ಸ್ಥಿತಿಯಲ್ಲಿರಬೇಕು. ಬಳಕೆಯಿಂದ ಸಹಜವಾಗಿ ಆದ ಸವೆತಕ್ಕೆ ಅವನು ಹೊಣೆಯಲ್ಲ. “ಇದಕ್ಕೂ ಅಷ್ಟೋತ್ತರವೇ ಏನೋ?” ಎಂದು ಮಾವ ನಕ್ಕರು. ಆಮೇಲೆ ಕೇಳಿದರು: “ಸರಿ, ಒಗ್ಗರಣೆ ಹೊಗೆ ಸವೆತವೋ, ಹಾಳು ಮಾಡಿದ್ದೋ?” ಕಾಯ್ದೆಯಲ್ಲಿ ಒಗ್ಗರಣೆಯ ಮಾತಿಲ್ಲ.

ಗಾರೆ ಮೇಸ್ತ್ರಿ ಬಂದವರು ಏನೂ ಹೇಳದೆ ಒಂದು ಚೊಂಬು ನೀರನ್ನು ಗೋಡೆಗೆ ಎರಚಿದರು. ಕೆಸುವಿನೆಲೆ ಮೇಲಿನ ಹಾಗೆ ನೀರು ಹನಿಹನಿಯಾಗಿ ಉರುಳಿತು. “ಅಣ್ಣೋ, ಎಣ್ಣೆ ಒಳಕ್ಕೆ ಇಳ್ದೈತೆ. ಸೋಡಾ ಹಾಕಿ ಉಜ್ಜಿದ್ರೆ ಮೇಲಿನ ಜಿಡ್ಡು ಹೋಯ್ತದೆ. ಇದರ ಮೇಲೆ ಪೇಂಟ್ ಹೊಡುದ್ರೆ ಮೂರು ತಿಂಗ್ಳು ನಿಂತಾತು. ಆಮೇಲೆ ಹಪ್ಪಳದಂಗೆ ಏಳ್ತದೆ.”

ಮೂರು ತಿಂಗಳು ಸಾಕಾಗಿತ್ತು. ಮಾಲೀಕರು ನೋಡಲು ಬರುವುದು ಒಂದೇ ದಿನ. ಅವತ್ತು ಗೋಡೆ ಬೆಳ್ಳಗೆ ಕಂಡರೆ ಅಡ್ವಾನ್ಸ್ ಒಂದು ಲಕ್ಷ ಕೈಗೆ ಬರುತ್ತದೆ. ಪೇಂಟಿಗೆ ಆರು ಸಾವಿರ, ಗಾರೆ ಕೆತ್ತಿಸಿ ಹೊಸದಾಗಿ ಮಾಡಿಸಿದರೆ ಇಪ್ಪತ್ತೆಂಟು. ಪೇಂಟೇ ಸಾಕೆಂದು ನಾನಂದೆ, ಅತ್ತೆಯೂ ಅಂದರು. ಆ ದುಡ್ಡಿನಲ್ಲೇ ಮಾವನ ಮಂಡಿಯ ಚಿಕಿತ್ಸೆ ಆಗಬೇಕಿತ್ತು.

ಮಾವ ಸ್ವಲ್ಪ ಹೊತ್ತು ಗೋಡೆಯನ್ನೇ ನೋಡುತ್ತಿದ್ದು, “ಓನರ್‌ಗೇನು, ಬಾಡಿಗೆ ಬಂದ್ರೆ ಆಯ್ತು. ಇಲ್ಲಿಗೆ ಬರೋನು ನಮ್ಮಂಗೇ ಸಾಲ ಮಾಡ್ಕಂಡು ಬರೋನು ಕಣೋ. ಮೂರನೇ ತಿಂಗ್ಳಿಗೆ ಅವನ ಸಾಂಬಾರಿಗೆ ನಮ್ಮ ಗೋಡೆ ಉದುರಬಾರದು,” ಎಂದರು.

ಕೆತ್ತುವ ಕೆಲಸ ಎರಡು ದಿನ ಹಿಡಿಯಿತು. ಒಲೆಯ ಹಿಂದೆ ಇಟ್ಟಿಗೆ ಕಾಣುವ ತನಕ ಗಾರೆ ಉದುರಿಸಿದರು. ಹಳೇ ಎಣ್ಣೆಯ ನಾತ ರಸ್ತೆಯ ತನಕ ಬರುತ್ತಿತ್ತು. ಇಟ್ಟಿಗೆಗೆ ನೀರು ಕುಡಿಸಿ, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳು ಕಲೆಸಿ ಹೊಸ ಗಾರೆ ಹಾಕಿದರು. ಫ್ಯಾನಿನ ತೂತಿಗೆ ಇಟ್ಟಿಗೆ ತುಂಬಿಸಿದರು. ಏಳು ದಿನ ಬೆಳಿಗ್ಗೆ ಸಂಜೆ ನೀರು ಹೊಡೆಯುವುದು ನನ್ನ ಪಾಲಿನ ಕೆಲಸ. ಗಾರೆ ಪೂರ್ತಿ ಒಣಗದೆ ಪೇಂಟ್ ಬೇಡವೆಂದು ಮೇಸ್ತ್ರಿ ಸುಣ್ಣ ಹೊಡೆದರು. ಗೋಡೆಯೊಳಗೆ ಕೂತಿದ್ದ ಕಡಪಾ ಕಲ್ಲಿನ ಕಟ್ಟೆಯನ್ನು ಮಾತ್ರ ಕೀಳಲಿಲ್ಲ. ಕಿತ್ತರೆ ಕಲ್ಲಿನ ಬೆಲೆಗಿಂತ ಗೋಡೆ ಸರಿಮಾಡುವ ಖರ್ಚೇ ಹೆಚ್ಚು.

ಇಲ್ಲಿಂದ ಅರ್ಧ ಗಂಟೆಯ ದಾರಿಯ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟವರ ಹೆಸರುಗಳು ಏಳನೇ ಶತಮಾನದಿಂದಲೂ ಬಂಡೆಯ ಮೇಲಿವೆ. ಅವರು ಬಿಟ್ಟುಹೋದದ್ದನ್ನು ಯಾರೋ ಕೂತು ಕೆತ್ತಿದರು. ಮಾವನ ವಿಷಯದಲ್ಲಿ ಕೆತ್ತಿದ್ದು ಗುರುತು ಅಳಿಸುವುದಕ್ಕೆ. ಎರಡಕ್ಕೂ ಉಳಿಯೇ ಬೇಕಾಯಿತು.

ಮಾಲೀಕರು ಬಂದರು, ಹೊಸ ಗೋಡೆಯನ್ನು ತಟ್ಟಿ ನೋಡಿದರು. ನೆಲದಲ್ಲಿ ಉಳಿದ ಬೋಲ್ಟಿನ ಗುರುತಿಗೆಂದು ಐದು ಸಾವಿರ ಹಿಡಿದುಕೊಂಡು ಮಿಕ್ಕಿದ್ದನ್ನು ಕೊಟ್ಟರು. ಮಾವ ಜಗಳ ಆಡಲಿಲ್ಲ, ಬೀಗದ ಕೈ ಕೊಟ್ಟು ಬಂದರು.

ಈಗ ಅಲ್ಲಿ ಹೋಟೆಲಿಲ್ಲ, ಮೊಬೈಲ್ ಅಂಗಡಿ ಬಂದಿದೆ. ಕಡಪಾ ಕಲ್ಲನ್ನು ಕಿತ್ತೆಸೆದಿದ್ದಾರೆ. ಮಾವ ಮಾಡಿಸಿದ ಗೋಡೆಯ ಮುಂದೆ ನೆಲದಿಂದ ಸೂರಿನವರೆಗೆ ಪ್ಲೈವುಡ್ ಹಲಗೆ ನಿಂತಿದೆ. ಇದನ್ನು ಮಾವನಿಗೆ ಹೇಳುವುದೋ ಬೇಡವೋ ಎಂದು ಅನುಮಾನಿಸುತ್ತಲೇ ಹೇಳಿದೆ.

“ಒಳ್ಳೇದಾಯ್ತು ಬುಡು,” ಎಂದರು. “ಎಣ್ಣೆ ಗೋಡೆಯಾಗಿದ್ರೆ ಹಲಗೆ ಹಿಂದೆ ಜಿರಲೆ ತುಂಬ್ಕಳೋವು.”